ಹಣಗಿ

ಚೌಬಾರಾದಿಂದ ಕೆಳಗಿಳದು ಬಳಿ ಅಂಗಡಿ ದಾಟಿದ್ರ
ಎರಡು ಕುರ್ಚಿ, ಒಂದೂವರಿ ಕನ್ನಡಿ, ನನ್ನ ದುಕಾನ.
ಅರ್ಧ ಕನ್ನಡಿ ಹೋದ ದಸರಾಕ್ಕ ಒಡದದ್ದು, ಹಂಗೇ ಅದ.
ಆ ಕುರ್ಚಿ ಗಿರಾಕಿಗೆ ಒಂದೇ ಕಿವಿ ಕಾಣ್ತದ.

ತಲಿ ಹಿಡದ್ರ ಮಂದಿ ತಿಳೀತದ
ಅಂತಿದ್ದ ನಮ್ಮಪ್ಪ.
ಮೂವತ್ತೊಂದು ವರ್ಷ ನಂಬಿದ್ದೆ.

ಒಂದು ಐತಾರ ಬಂದು ಕುಂತ ಒಬ್ಬ, ಎತ್ತರದಾಂವ,
ಕೂದ್ಲು ಒತ್ತಾಗಿ ಹೆಣದ ಕಂಬಳಿ ಹಂಗ.
ಹಣಗಿ ಹಾಕ್ದೆ. ಪಟ್ ಅಂತ ಎರಡು ಹಲ್ಲು ಹೋದ್ವು.
ಹಿಂದಿನ ವಾರ ನರ್ಸಿಂಗ್ ಕಾಲೇಜಿನ ತೆಸ್ಫಾಯೆ ಬಂದಾಗ
ಇದೇ ಹಣಗಿ, ಇಂಥದೇ ಕೂದ್ಲು, ಒಂದು ಹಲ್ಲು ಹೋಗಿತ್ತು.
ಅದಕ್ಕ ಕೇಳ್ದೆ,
ನನಗ ಬರೋ ಹರಕು ಇಂಗ್ಲಿಷಿನ್ಯಾಗ,
ವಿಚ್ ಕಂಟ್ರಿ?

ಕನ್ನಡಿಯೊಳಗಿನ ಒಂದು ಕಿವಿ
ನನ್ನ ಕಡಿ ತಿರುಗಿತು.
"ಸಿದ್ದಿ ತಾಲೀಮು, ಕಾಕಾ. ಮೂರು ಓಣಿ ಆಚಿ.
ನನ್ನ ಹುಟ್ಟುಗೂದ್ಲ ತಗದಾಂವ ನಿಮ್ಮಪ್ಪನೇ.
ಎರಡು ಸೇರು ಜೋಳ ಒಯ್ದಿದ್ನಂತ,
ನಮ್ಮ ದಾದಿ ಇನ್ನಾ ಲೆಕ್ಕ ಹೇಳ್ತಾಳ."

ಕತ್ರಿ ಬಾಯಿ ತಗದೇ ನಿಂತಿತ್ತು.

ಯಾಕೂತ್ ಪಾಷಾ ಅವನ ಹೆಸರು.
ಉಸ್ಮಾನ್‌ಗಂಜಿನ್ಯಾಗ ತೊಗರಿ ಚೀಲ ಹೊರೋ ಟೆಂಪೋ ಅವಂದು.
ಹಬಶಿ ಕೋಟಿನ ಗುಡ್ಡದ ಗೋರಿಯಾಗ ಮಲಗಿದವ್ರು
ನಮ್ಮವ್ರಂತ, ಅಂದ.
ಅವ್ರ ಮಾತಿಂದು ಒಂದು ಅಕ್ಷರ ನನಗ ಬರಲ್ಲ.
ಆ ಊರಿನ ಒಂದು ಬೈಗುಳ ಸೈತ ಉಳದಿಲ್ಲ ಮನ್ಯಾಗ.
ಸಮುದ್ರ ದಾಟಿ ನನ್ನ ತನಕ ಬಂದದ್ದು
ಈ ಕೂದ್ಲೊಂದೇ, ಕಾಕಾ.

ಗಂಟು ಎಳದೆ. "ಯವ್ವಾ" ಅಂದ.

ತೆಸ್ಫಾಯೆನೂ ಏನೋ ಅಂದಿದ್ದ, ಹಲ್ಲು ಕಡದು.
ಅವ್ವನ್ನೇ ಕರದಿರಬೇಕು.
ನನಗ ತಿಳೀಲಿಲ್ಲ.

ಮುಂದಿನ ತಿಂಗಳು ಅವ ಜೋಡಿಗೆ ಗೆಮೆಚು ಅನ್ನಾಂವನ್ನ ಕರಕೊಂಡು ಬಂದ.
ನನ್ನ ಕಣ್ಣಿಗೆ ಅವಳಿಜವಳಿ:
ಒಂದೇ ದೇಶ, ಒಂದೇ ಹಾಸ್ಟೆಲ್ಲು, ಒಂದೇ ಕರಿ.
ಇಬ್ರೂ ಇಬ್ರದೂ ಅಲ್ಲದ ಮೂರನೇ ಮಾತಿನ್ಯಾಗ ನಗ್ತಿದ್ರು.
ಒಬ್ಬಗ ಊರಿಂದ ಫೋನ್ ಬಂದ್ರ
ಇನ್ನೊಬ್ಬ ಎದ್ದು ಬಾಗಲ ಹೊರಗ ಹೋಗಿ ನಿಂದರ್ತಿದ್ದ.
ಯಾಕಂತ ನಾ ಕೇಳಲಿಲ್ಲ.
ನಮ್ಮ ಓಣ್ಯಾಗ ಇರಲಾರದ್ದೇನು ಅದು.

ಸಮೀಕ್ಷೆಗಂತ ಟೀಚರ್ ಒಬ್ರು ಬಂದ್ರು, ಬಿಸಿಲಿಗೆ ಬೆವತು,
ನೀರು ಕುಡದು ಹಾಳಿ ತಗದ್ರು.
ಜನಾಂಗ? ಅಂತ ಯಾಕೂತನ್ನ ಕೇಳಿದ್ರು.
ಅವ ಬಾಯಿ ತಗಿಯೋದ್ರೊಳಗ
ತಲಿ ನೋಡಿ ಏನೋ ಬರದೇಬಿಟ್ರು.
ಒಂದೇ ಶಬ್ದ, ಒಂದೇ ಖಾನೆ.
ಕೂದ್ಲೂ ಅದರಾಗೇ, "ಯವ್ವಾ"ನೂ ಅದರಾಗೇ
ತುರುಕಬೇಕು.

ನಿಮ್ದು? ಅಂದ್ರು ನನಗ.
ಹಡಪದ, ಅಂದೆ.
ಬಣ್ಣ ನೋಡಿದ್ರ ನಾನೂ ಪಾಟೀಲ್ರೂ
ಒಂದೇ ಕುಂಬಾರನ ಗಡಗಿ.
ನನ್ನ ಕೈ ಗಲ್ಲಕ್ಕ ಹತ್ತೋ ತನಕ ಏನೂ ಇಲ್ಲ,
ಇಳದ ಮ್ಯಾಲ ಪಾಟೀಲ್ರು ಬಚ್ಚಲಿಗಿ ಹೋಗ್ತಾರ.
ಅದನ್ನ ಬರೀಲಿಕ್ಕ ಅವ್ರ ಹಾಳಿಯಾಗ ಜಾಗ ಇರಲಿಲ್ಲ,
ನಾನೂ ಹೇಳಲಿಲ್ಲ.

ಮರುದಿನ ನಾನಕ್ ಝೀರಾಕ್ಕ ಹೋದೆ.
ಗುರುದ್ವಾರದ ಎದುರಿನ ಅಂಗಡ್ಯಾಗ
ಜನ್ಮದಾಗ ಕೂದ್ಲಿಗೆ ಕತ್ರಿ ಹಚ್ಚಲಾರದ ಸರ್ದಾರ್ಜಿ
ಕಟಗಿ ಹಣಗಿ ಮಾರ್ತಾನ.
ಅಗಲ ಹಲ್ಲಿಂದು ಆರಿಸಿ ತಂದೆ.

ತೆಸ್ಫಾಯೆ ತಲಿಯಾಗ ಓಡಿತು.
ಗೆಮೆಚು ತಲಿಯಾಗ ಓಡಿತು.
ಯಾಕೂತ್ ಅದನ್ನ ಕೈಯಾಗ ತಗೊಂಡು, ತಿರುಗಿಸಿ, ಮೂಸಿ ನೋಡಿ,
"ಎಷ್ಟಕ್ಕ ತಂದ್ರಿ?" ಅಂದ.
ಎಂಬತ್ತು.
"ಥೂ, ಕಾಕಾ," ಅಂದ,
"ನನ್ನ ಕಳಸಿದ್ರ ನಲವತ್ತಕ್ಕ ತರ್ತಿದ್ದೆ.
ನಿಮ್ಮನ್ನ ಪರದೇಶಿ ಅನಕೊಂಡಾನ ಅಂವ."